ಬೆಳ್ಳಿಯ ಮಸಿಯಲ್ಲಿ ಮೂಡಿದ ನರಗಳು

ಚುನಾವಣೆಯ ದಿನ ಮತಗಟ್ಟೆಯಿಂದ ಹೊರಗೆ ಬರುವಾಗ ನಮ್ಮ ಎಡಗೈಯ ತೋರುಬೆರಳಿನ ಮೇಲೆ ಒಂದು ಗೆರೆ ಮಸಿ ಇರುತ್ತದೆ. ಹಚ್ಚುವಾಗ ಅದು ಊದಾ ಬಣ್ಣ. ಬಿಸಿಲಿನಲ್ಲಿ ನಡೆದು ಮನೆ ಸೇರುವ ಹೊತ್ತಿಗೆ ಕಪ್ಪು. ಸೀಗೆಪುಡಿಗೆ ಜಗ್ಗದು, ಸಾಬೂನಿಗೆ ಬಗ್ಗದು. ಉಗುರು ಬೆಳೆದು ಚರ್ಮ ಸವೆದು ತಾನಾಗಿ ಹೋಗಬೇಕು. 1962ರ ಮಹಾಚುನಾವಣೆಯಿಂದ ಈಚೆಗೆ ದೇಶಕ್ಕೆಲ್ಲ ಈ ಮಸಿಯನ್ನು ಒದಗಿಸುತ್ತ ಬಂದಿರುವುದು ನಮ್ಮ ಮೈಸೂರಿನ ಬಣ್ಣ ಮತ್ತು ವಾರ್ನಿಷಿನ ಕಾರ್ಖಾನೆ. 1937ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಗಿನ ಕಾರ್ಖಾನೆಯಾಗಿ ಹುಟ್ಟಿದ ಸಂಸ್ಥೆ ಅದು. ಆ ಮಸಿಯ ಜೀವಾಳವೆಂದರೆ ಸಿಲ್ವರ್ ನೈಟ್ರೇಟ್ ಎಂಬ ಬೆಳ್ಳಿಯ ಲವಣ. ನೀರಿನಲ್ಲಿ ಕರಗಿರುವಾಗ ಅದು ನೀರಿನ ಹಾಗೆಯೇ ತಿಳಿ. ಚರ್ಮವನ್ನು ಸೋಕಿ ಬೆಳಕನ್ನು ಕಂಡಿತೆಂದರೆ ಒಳಗಿನ ಬೆಳ್ಳಿ ಕಪ್ಪಾಗಿ ಹೊರಬಿದ್ದು ಅಲ್ಲಿಯೇ ಅಂಟಿಕೊಳ್ಳುತ್ತದೆ.

ಶ್ರೋತೃಗಳೆ, ಈ ಹೊತ್ತು ನಾನು ಹೇಳಹೊರಟಿರುವುದು ಇದೇ ಬೆಳ್ಳಿಯ ಇನ್ನೊಂದು ಕಪ್ಪಿನ ಕಥೆಯನ್ನು. ನಮ್ಮ ಮಿದುಳು ಎಂಥ ಎಳೆಗಳಿಂದ ನೆಯ್ದದ್ದು, ಆ ಎಳೆಗಳು ಗರ್ಭದಲ್ಲಿ ಹೇಗೆ ಹುಟ್ಟಿ ಹೇಗೆ ದಾರಿ ಹಿಡಿದು ಹೋಗುತ್ತವೆ ಎಂಬುದನ್ನು ಮನುಷ್ಯನ ಕಣ್ಣಿಗೆ ಮೊದಲು ಸ್ಪಷ್ಟವಾಗಿ ತೋರಿಸಿಕೊಟ್ಟದ್ದು ಈ ಬೆಳ್ಳಿಯ ಕಪ್ಪು.

ಕನ್ನಡ ಪಂಡಿತನಿಗೆ ಈ ಉಸಾಬರಿ ಏಕೆ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಹೈಸ್ಕೂಲಿನಲ್ಲಿ ಸಂಧಿ, ಸಮಾಸ, ಛಂದಸ್ಸುಗಳನ್ನು ಹೇಳಿಕೊಂಡು ತಲೆ ನರೆಸಿಕೊಂಡವನು ನಾನು. ಬಹಳ ವರ್ಷಗಳ ಕೆಳಗೆ ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ನಾನು ಕರಿಹಲಗೆಯ ಮೇಲೆ ಸಂಧಿಯ ಉದಾಹರಣೆಗಳನ್ನು ಬರೆಯುತ್ತಿದ್ದರೆ, ಅವನು ತನ್ನ ವ್ಯಾಕರಣದ ಪುಸ್ತಕದಲ್ಲಿ ಉದ್ದಕ್ಕೆ ಸೀಳಿದ ದಾಸವಾಳದ ಹೂವಿನ ಚಿತ್ರ ಬರೆಯುತ್ತಿದ್ದ. ಒಂದು ದಿನ ನನಗೆ ಸಿಟ್ಟು ಬಂದು ಆ ಹಾಳೆಯನ್ನು ಹರಿದುಹಾಕಿ, ಸಂಧಿಯ ನಿಯಮಗಳನ್ನು ಹತ್ತು ಸಲ ಬರೆದು ತರುವಂತೆ ಹೇಳಿದೆ. ಹುಡುಗ ಎದುರಾಡಲಿಲ್ಲ, ಬರೆದು ತಂದ. ಅವನೇ ಈಗ ಒಂದು ವೈದ್ಯಕೀಯ ಕಾಲೇಜಿನಲ್ಲಿ ಶರೀರರಚನೆಯನ್ನು ಕಲಿಸುವ ಅಧ್ಯಾಪಕ. ಈಚೆಗೆ ದಾರಿಯಲ್ಲಿ ಸಿಕ್ಕಿದವನು, "ಮೇಷ್ಟ್ರೇ, ಬನ್ನಿ, ನಿಮಗೆ ಒಂದು ತೋರಿಸಬೇಕು" ಎಂದು ತನ್ನ ಪ್ರಯೋಗಶಾಲೆಗೆ ಕರೆದುಕೊಂಡು ಹೋದ. ಸೂಕ್ಷ್ಮದರ್ಶಕದ ಮುಂದೆ ಕೂರಿಸಿದ. ಒಂದು ಕಣ್ಣು ಮುಚ್ಚಿ ಇನ್ನೊಂದರಿಂದ ನೋಡಿದೆ. ಜೇನಿನ ಬಣ್ಣದ ಬಯಲು. ಅದರ ನಡುವೆ ಮಸಿಯಲ್ಲಿ ಬರೆದಂತೆ ಎರಡೋ ಮೂರೋ ಎಳೆಯ ಗಿಡಗಳು. ಬೇರು, ಕಾಂಡ, ರೆಂಬೆ ಎಲ್ಲವೂ ಕಡುಕಪ್ಪು. ಇನ್ನೂ ಮೊಟ್ಟೆಯಿಂದ ಹೊರಬರದ ಕೋಳಿಮರಿಯ ಬೆನ್ನುಹುರಿ ಅದು ಎಂದು ಅವನು ಹೇಳಿದಾಗ ನನಗೆ ನಂಬುವುದು ಕಷ್ಟವಾಯಿತು. ಅಂದು ಅವನು ಹೇಳಿದ್ದನ್ನೂ ಅನಂತರ ನಾನು ಓದಿ ತಿಳಿದದ್ದನ್ನೂ ಕೂಡಿಸಿ ನಿಮ್ಮ ಮುಂದೆ ಇಡುತ್ತಿದ್ದೇನೆ.

ಮಿದುಳನ್ನು ನೋಡುವುದರಲ್ಲಿ ಇರುವ ಕಷ್ಟವನ್ನು ಮೊದಲು ತಿಳಿಯಬೇಕು. ಹಸಿ ಮಿದುಳು ಹೆಪ್ಪುಗಟ್ಟಿದ ಮೊಸರಿನಷ್ಟು ಮೆತು. ಕತ್ತಿ ತಗುಲಿದರೆ ಕಲಸಿಹೋಗುತ್ತದೆ. ಗಟ್ಟಿ ಮಾಡಿ ತೆಳ್ಳಗೆ ಕೊಯ್ದರೂ ಬಣ್ಣವಿಲ್ಲದ್ದರಿಂದ ಏನೂ ಕಾಣಿಸದು. ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ವಿದ್ವಾಂಸರು ಕಾರ್ಮಿನ್ ಎಂಬ ಕೆಂಪು ಬಣ್ಣವನ್ನು ಹಾಕಿ ನೋಡಿದರು. ಆ ಬಣ್ಣ ಎಲ್ಲ ಕೋಶಗಳನ್ನೂ ಒಂದೇ ಸಮನೆ ಕೆಂಪಾಗಿಸಿತು. ಕೋಶದ ಒಡಲು ಕಂಡಿತೇ ಹೊರತು ಅದರಿಂದ ಹೊರಟ ಎಳೆಗಳು ಎಲ್ಲಿಗೆ ಹೋದವೆಂಬುದು ತಿಳಿಯಲಿಲ್ಲ. ಮನುಷ್ಯನ ಮಿದುಳಿನಲ್ಲಿ ಇರುವ ನರಕೋಶಗಳು ಸುಮಾರು 8,600 ಕೋಟಿ ಎಂದು ಈಗಿನ ಲೆಕ್ಕ. ಒಂದೊಂದಕ್ಕೂ ನೂರಾರು ಕವಲು. ಎಲ್ಲವೂ ಒಟ್ಟಿಗೆ ಬಣ್ಣ ಹಿಡಿದರೆ ಕಾಣುವುದು ಏನು? ಬರೀ ಕೆಸರು.

ಈ ಕಟ್ಟನ್ನು ಬಿಡಿಸಿದವನು ಇಟಲಿಯ ವೈದ್ಯ ಕಮಿಲ್ಲೊ ಗಾಲ್ಜಿ. 1843ರಲ್ಲಿ ಹುಟ್ಟಿದವನು. ಮಿಲಾನ್ ನಗರದ ಹತ್ತಿರ ಆಬ್ಬಿಯಾತೆಗ್ರಾಸ್ಸೊ ಎಂಬ ಊರಿನಲ್ಲಿ, ವಾಸಿಯಾಗದ ರೋಗಿಗಳಿಗಾಗಿ ಇದ್ದ ಆಸ್ಪತ್ರೆಯಲ್ಲಿ ಅವನಿಗೆ ಕೆಲಸ. ಅಲ್ಲಿ ಪ್ರಯೋಗಶಾಲೆ ಎಲ್ಲಿಂದ ಬರಬೇಕು? ಅಡುಗೆಮನೆಯೊಂದನ್ನೇ ಪ್ರಯೋಗಶಾಲೆ ಮಾಡಿಕೊಂಡು ರಾತ್ರಿಯ ಹೊತ್ತು ದುಡಿದನು. ಮಿದುಳಿನ ತುಂಡನ್ನು ಪೊಟ್ಯಾಸಿಯಂ ಡೈಕ್ರೋಮೇಟ್ ಎಂಬ ಕಿತ್ತಳೆ ಬಣ್ಣದ ಲವಣದ ನೀರಿನಲ್ಲಿ ಬಹುಕಾಲ ನೆನೆಹಾಕಿ ಗಟ್ಟಿ ಮಾಡಿ, ಅನಂತರ ಸಿಲ್ವರ್ ನೈಟ್ರೇಟಿನ ನೀರಿಗೆ ಹಾಕಿದನು. ಎರಡು ಲವಣಗಳೂ ಕೋಶದ ಒಳಗೆ ಸಂಧಿಸಿ, ಸಿಲ್ವರ್ ಕ್ರೋಮೇಟ್ ಎಂಬ ಕರಗದ ವಸ್ತು ಅಲ್ಲಿ ತುಂಬಿಕೊಂಡಿತು. ಕೊಯ್ದು ನೋಡಿದರೆ ಹಳದಿಯ ಹಿನ್ನೆಲೆಯಲ್ಲಿ ಇಡಿಯ ನರಕೋಶ, ತುದಿಯಿಂದ ತುದಿಯವರೆಗೆ, ಕಪ್ಪಾಗಿ ನಿಂತಿತ್ತು. 1873ರಲ್ಲಿ ಅವನು ಇದನ್ನು ಪ್ರಕಟಿಸಿದನು. ಅದಕ್ಕೆ ಅವನು ಇಟ್ಟ ಹೆಸರು ಕಪ್ಪು ಪ್ರತಿಕ್ರಿಯೆ.

ಈ ಬೆಳ್ಳಿಯ ಸ್ವಭಾವ ವಿಚಿತ್ರವಾದದ್ದು. ನೂರು ನರಕೋಶಗಳಿದ್ದರೆ ಒಂದೋ ಎರಡೋ ನಾಲ್ಕೋ ಮಾತ್ರ ಕಪ್ಪಾಗುತ್ತವೆ. ಮಿಕ್ಕವು ಇದ್ದೂ ಇಲ್ಲದಂತೆ ಮರೆಯಾಗಿರುತ್ತವೆ. ಯಾವುದು ಕಪ್ಪಾದೀತು, ಯಾವುದು ಆಗದು ಎಂದು ಮೊದಲೇ ಹೇಳಲಾಗದು. ಹಾಗೇಕೆ ಎಂಬುದಕ್ಕೆ ಪೂರ್ಣವಾದ ಸಮಾಧಾನ ಇಂದಿಗೂ ದೊರೆತಿಲ್ಲ. ಆದರೆ ಈ ಕೊರತೆಯೇ ಅದರ ಗುಣ. ದೊಡ್ಡ ಜಾತ್ರೆಯ ಕತ್ತಲ ರಾತ್ರಿಯನ್ನು ಗೋಪುರದ ಮೇಲೆ ನಿಂತು ನೋಡುವುದಾಗಿ ಭಾವಿಸಿ. ಎಲ್ಲರ ಕೈಯಲ್ಲಿಯೂ ಪಂಜಿದ್ದರೆ ಕಾಣುವುದು ಬರೀ ಬೆಂಕಿಯ ಬಯಲು. ಸಾವಿರ ಜನರಲ್ಲಿ ಹತ್ತು ಜನ ಮಾತ್ರ ಪಂಜು ಹಿಡಿದಿದ್ದರೆ, ಒಬ್ಬೊಬ್ಬನೂ ಯಾವ ಬೀದಿಯಿಂದ ಹೊರಟು ಯಾವ ಗುಡಿಯ ಬಾಗಿಲಿಗೆ ಹೋದನೆಂಬುದನ್ನು ಕಣ್ಣು ಹಿಂಬಾಲಿಸಬಹುದು. ಬೆಳ್ಳಿ ಮಾಡಿದ ಉಪಕಾರ ಇಂಥದು.

ಇಷ್ಟು ಒಳ್ಳೆಯ ಸಾಧನವನ್ನು ಕಂಡುಹಿಡಿದ ಗಾಲ್ಜಿ, ಅದರಿಂದ ನೋಡಿ ಕಟ್ಟಿದ ಸಿದ್ಧಾಂತ ಮಾತ್ರ ನಿಲ್ಲಲಿಲ್ಲ. ನರಕೋಶಗಳಿಂದ ಹೊರಟ ಉದ್ದನೆಯ ತಂತುಗಳೆಲ್ಲ ಒಂದರೊಳಗೊಂದು ಬೆಸೆದುಕೊಂಡು ಮಿದುಳಿನ ತುಂಬ ಒಂದೇ ಬಲೆಯಾಗಿವೆ ಎಂದು ಅವನು ನಂಬಿದನು. ಆ ಕಾಲದ ಬಹುಮಂದಿ ವಿದ್ವಾಂಸರ ಮತವೂ ಅದೇ. ನನ್ನ ಭಾಷೆಯಲ್ಲಿ ಹೇಳುವುದಾದರೆ ಅವರು ಮಿದುಳಿನಲ್ಲಿ ಕಂಡದ್ದು ಲೋಪಸಂಧಿ. 'ಊರು' ಮತ್ತು 'ಅನ್ನು' ಸೇರಿ 'ಊರನ್ನು' ಆದಾಗ ಒಂದು ಸ್ವರ ಅಳಿದು ಎರಡೂ ಒಂದೇ ಆಗುತ್ತವಲ್ಲವೆ? ಕಿವಿಯಿಂದ ಕೇಳಿದವನಿಗೆ ಎಲ್ಲಿ ಒಂದು ಮುಗಿದು ಎಲ್ಲಿ ಇನ್ನೊಂದು ಮೊದಲಾಯಿತೆಂಬ ಗಡಿಯೇ ತಿಳಿಯದು. ಹಾಗೆಯೇ ನರಗಳಲ್ಲಿಯೂ ಗಡಿ ಇಲ್ಲ ಎಂಬುದು ಅವರ ವಾದ.

ಇದು ಪಂಡಿತರ ಒಣ ಜಗಳವಲ್ಲ. ಇಡೀ ಮಿದುಳು ಒಂದೇ ಬಲೆಯಾದರೆ ಇಂಥ ಸಂದೇಶ ಇಂಥ ದಾರಿಯಲ್ಲಿ ಹೋಯಿತೆಂದು ಹೇಳುವುದೇ ಸಾಧ್ಯವಿಲ್ಲ. ಪೆಟ್ಟುಬಿದ್ದು ಒಂದು ನರ ಕಡಿದರೆ ಕೆಡುವುದು ಎಷ್ಟು, ಉಳಿಯುವುದು ಎಷ್ಟು, ಮತ್ತೆ ಬೆಳೆಯುವುದು ಎಲ್ಲಿಂದ ಎಂಬುದಕ್ಕೆಲ್ಲ ಉತ್ತರ ಈ ಒಂದು ಪ್ರಶ್ನೆಯ ಮೇಲೆ ನಿಂತಿತ್ತು.

ಈಗ ಸ್ಪೇನ್ ದೇಶಕ್ಕೆ ಬರೋಣ. ಅಲ್ಲಿ 1852ರಲ್ಲಿ ಪೆತಿಯಾ ಎಂಬ ಬೆಟ್ಟದ ಹಳ್ಳಿಯಲ್ಲಿ ಸಾಂತಿಯಾಗೊ ರಮೋನ್ ಇ ಕಹಾಲ್ ಎಂಬುವನು ಹುಟ್ಟಿದನು. ತಂದೆ ಶಸ್ತ್ರವೈದ್ಯ, ಬಹಳ ಬಿಗಿಯ ಮನುಷ್ಯ. ಮಗನಿಗೋ ಚಿತ್ರ ಬರೆಯುವ ಹುಚ್ಚು. ಚಿತ್ರದಿಂದ ಹೊಟ್ಟೆ ತುಂಬದೆಂದು ತಂದೆ ತಡೆದನು. ಓದಿನಲ್ಲಿ ಮನಸ್ಸಿಲ್ಲದ ಹುಡುಗನನ್ನು ಒಮ್ಮೆ ಕ್ಷೌರಿಕನ ಬಳಿ, ಇನ್ನೊಮ್ಮೆ ಚಮ್ಮಾರನ ಬಳಿ ಕೆಲಸಕ್ಕೆ ಬಿಟ್ಟನು. ಕೊನೆಗೆ ದಾರಿಯಾದದ್ದು ಮೂಳೆಗಳಿಂದ. ಹಳೆಯ ಸ್ಮಶಾನದಿಂದ ತಂದ ಎಲುಬುಗಳನ್ನು ಮುಂದಿಟ್ಟು ತಂದೆಯೇ ಪಾಠ ಹೇಳಿದಾಗ, ಮಗ ಅವನ್ನು ಚಿತ್ರಿಸುತ್ತ ಚಿತ್ರಿಸುತ್ತ ಶರೀರಶಾಸ್ತ್ರವನ್ನು ಕಲಿತನು. ಮುಂದೆ ಅವನು ವೈದ್ಯನಾಗಿ, ಸೇನೆಯೊಡನೆ ಕ್ಯೂಬಾ ದ್ವೀಪಕ್ಕೆ ಹೋಗಿ ಮಲೇರಿಯಾ ಜ್ವರದಿಂದ ಬಳಲಿ ಹಿಂದಿರುಗಿ, ವಲೆನ್ಸಿಯಾದಲ್ಲಿ ಪ್ರಾಧ್ಯಾಪಕನಾದನು.

1887ರಲ್ಲಿ ಮ್ಯಾಡ್ರಿಡ್ ನಗರಕ್ಕೆ ಹೋದಾಗ ಲೂಯಿಸ್ ಸಿಮಾರ್ರೊ ಎಂಬ ವೈದ್ಯ ಅವನಿಗೆ ಗಾಲ್ಜಿಯ ಕ್ರಮದಲ್ಲಿ ಕಪ್ಪಾಗಿಸಿದ ಮಿದುಳಿನ ಕೊಯ್ತಗಳನ್ನು ತೋರಿಸಿದನು. ಆ ಕ್ರಮ ಪ್ರಕಟವಾಗಿ ಆಗಲೇ ಹದಿನಾಲ್ಕು ವರ್ಷ ಕಳೆದಿತ್ತು. ಒಮ್ಮೆ ಫಲ ಕೊಟ್ಟರೆ ಹತ್ತು ಸಲ ಕೈಕೊಡುತ್ತದೆಂದು ಬೇಸತ್ತು ಹೆಚ್ಚು ಜನ ಅದನ್ನು ಕೈಗೆತ್ತಿಕೊಂಡಿರಲಿಲ್ಲ. ಕಹಾಲ್ ಅದನ್ನು ಬಿಡಲಿಲ್ಲ. ಅದೇ ವರ್ಷ ಬಾರ್ಸಿಲೋನಾಕ್ಕೆ ವರ್ಗವಾಗಿ ಹೋದಮೇಲೆ ಹಗಲೂ ರಾತ್ರಿಯೂ ಅದೇ ಕೆಲಸ. ಆಗ ಅವನಿಗೆ ಹೊಳೆದ ಯೋಚನೆಯೇ ಈ ಕಥೆಯ ಹೃದಯ.

ಬೆಂಗಳೂರಿನ ಬಳಿ ಕೇತೋಹಳ್ಳಿಯ ದೊಡ್ಡ ಆಲದ ಮರವನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ಬಿಳಲು ಇಳಿದು, ಬಿಳಲೇ ಕಾಂಡವಾಗಿ, ಅದು ಒಂದು ಮರವೋ ನೂರು ಮರವೋ ತಿಳಿಯದು. ಅದರ ನಡುವೆ ನಿಂತು ಜಗಳವಾಡುತ್ತಿದ್ದರೆ ದಿನ ಕಳೆದೀತೇ ಹೊರತು ಉತ್ತರ ಸಿಕ್ಕದು. ಉತ್ತರ ಬೇಕಾದರೆ ಒಂದು ಆಲದ ಸಸಿಯನ್ನು ನೋಡಬೇಕು; ಬಿಳಲು ಬಿಡುವ ಮೊದಲು, ನೆರೆಯ ಗಿಡದೊಡನೆ ಹೆಣೆದುಕೊಳ್ಳುವ ಮೊದಲು ನೋಡಬೇಕು. ಬೆಳೆದ ಮಿದುಳು ಹೊಕ್ಕು ಹೊರಬರಲಾಗದ ಕಾಡು. ಆದ್ದರಿಂದ ಸಸಿಮಡಿಗೆ ಹೋಗೋಣವೆಂದು ಕಹಾಲ್ ನಿಶ್ಚಯಿಸಿದನು. ಸಸಿಮಡಿಯೆಂದರೆ ಭ್ರೂಣ: ಮೊಟ್ಟೆಯೊಳಗಿನ ಕೋಳಿಮರಿ, ಗರ್ಭದೊಳಗಿನ ಅಥವಾ ಆಗ ತಾನೆ ಹುಟ್ಟಿದ ಸಣ್ಣ ಪ್ರಾಣಿ. ಭ್ರೂಣಗಳನ್ನು ಅದಕ್ಕೆ ಮೊದಲೂ ಕೆಲವರು ಅಲ್ಲಲ್ಲಿ ನೋಡಿದ್ದರು. ಲೈಪ್‌ಜಿಗ್ ನಗರದ ವಿಲ್ಹೆಲ್ಮ್ ಹಿಸ್ ಎಂಬ ವಿದ್ವಾಂಸ, ಒಂದೊಂದು ನರತಂತುವೂ ಒಂದೊಂದು ಕೋಶದಿಂದಲೇ ಮೊಳೆಯುತ್ತದೆಂದು 1886ರಲ್ಲಿ ವಾದಿಸಿದ್ದನು. ಆದರೆ ಬೆಳ್ಳಿಯ ಕ್ರಮವನ್ನೂ ಭ್ರೂಣವನ್ನೂ ಪಟ್ಟುಹಿಡಿದು ಜೋಡಿಸಿ, ಅದನ್ನೇ ಒಂದು ಮಾರ್ಗವನ್ನಾಗಿ ಮಾಡಿದವನು ಕಹಾಲ್.

ಭ್ರೂಣದಿಂದ ಆದ ಲಾಭ ಮೂರು. ಬೆಳೆದ ಪ್ರಾಣಿಯಲ್ಲಿ ಅನೇಕ ನರತಂತುಗಳ ಸುತ್ತ ಕೊಬ್ಬಿನ ಒಂದು ಕವಚ ಕಟ್ಟಿರುತ್ತದೆ. ವಿದ್ಯುತ್ತಿನ ತಂತಿಗೆ ರಬ್ಬರಿನ ಹೊದಿಕೆ ಇದ್ದಂತೆ. ಬೆಳ್ಳಿ ಆ ಕವಚವನ್ನು ದಾಟದು. ಕವಚ ಮೊದಲಾದ ಕಡೆ ಕಪ್ಪು ನಿಂತುಹೋಗುತ್ತದೆ. ಎಳೆಯ ಭ್ರೂಣದಲ್ಲಿ ಕವಚವೇ ಇಲ್ಲದ್ದರಿಂದ ಬೆಳ್ಳಿ ತಂತುವಿನ ತುದಿಯವರೆಗೂ ಹರಿಯುತ್ತದೆ. ಇದು ಮೊದಲನೆಯದು. ಭ್ರೂಣ ಚಿಕ್ಕದಾದ್ದರಿಂದ ಅಲ್ಲಿ ದೂರಗಳೂ ಚಿಕ್ಕವು. ಒಂದೇ ಕೊಯ್ತದಲ್ಲಿ ಒಂದು ಕೋಶವೂ ಅದರ ತಂತುವೂ ಆದಿಯಿಂದ ಅಂತ್ಯದವರೆಗೆ ಸಿಕ್ಕುತ್ತವೆ. ಇದು ಎರಡನೆಯದು. ಮೂರನೆಯದು, ಮೂರನೆಯ ದಿನದ ಮೊಟ್ಟೆ, ನಾಲ್ಕನೆಯ ದಿನದ ಮೊಟ್ಟೆ, ಹತ್ತನೆಯ ದಿನದ ಮೊಟ್ಟೆ ಎಂದು ಸಾಲಾಗಿ ಇಟ್ಟರೆ, ಇಪ್ಪತ್ತೊಂದು ದಿನಗಳಲ್ಲಿ ಮರಿ ಮೊಟ್ಟೆಯೊಡೆದು ಬರುವವರೆಗಿನ ಬೆಳವಣಿಗೆಯನ್ನು ಪಂಚಾಂಗದ ಹಾಳೆ ತಿರುವಿದಂತೆ ನೋಡಬಹುದು.

ಮೊಟ್ಟೆಯ ಮಾತನ್ನು ಇಷ್ಟು ಸಲ ಎತ್ತಿದ್ದಕ್ಕೆ ಕೆಲವು ಮನೆಗಳಲ್ಲಿ ಅಜ್ಜಿಯರು ರೇಡಿಯೋದ ಕಿವಿ ಹಿಂಡಲು ಎದ್ದಿರಬಹುದು. ಕ್ಷಮಿಸಬೇಕು, ಇನ್ನೂ ಕೆಲವು ಮೊಟ್ಟೆಗಳು ಬಾಕಿ ಇವೆ.

ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಅಡುಗೆ ಬಲ್ಲವರಿಗೆ ಇದರ ಹದ ತಾನಾಗಿ ತಿಳಿದೀತು. ಭ್ರೂಣದ ಬೆನ್ನುಹುರಿಯ ಸಣ್ಣ ತುಂಡು ಒಂದನ್ನು, ನೂರಕ್ಕೆ ಸುಮಾರು ಮೂರು ಭಾಗ ಡೈಕ್ರೋಮೇಟ್ ಕರಗಿಸಿದ ನೀರಿನಲ್ಲಿ ಹಾಕಬೇಕು. ಅದಕ್ಕೆ ಸ್ವಲ್ಪ ಆಸ್ಮಿಕ್ ಆಮ್ಲವನ್ನು ಬೆರೆಸಬೇಕು. ಇದರ ಹಬೆ ಕಣ್ಣಿಗೆ ಕೇಡು, ಎಚ್ಚರ ಬೇಕು. ಅಲ್ಲಿ ಎಷ್ಟು ದಿನ ಇಡಬೇಕೆಂಬುದೇ ಗುಟ್ಟು. ಎಳೆಯ ಭ್ರೂಣಕ್ಕೆ ಕೆಲವೇ ದಿನ, ಬೆಳೆದದ್ದಕ್ಕೆ ಹೆಚ್ಚು ದಿನ. ಒಂದು ದಿನ ಕಡಮೆಯಾದರೂ ಒಂದು ದಿನ ಹೆಚ್ಚಾದರೂ ಕಪ್ಪು ಬೇರೆ ಕಡೆ ಕೂತೀತು. ಆಮೇಲೆ ತುಂಡನ್ನು ಒರಸಿ, ನೂರಕ್ಕೆ ಮುಕ್ಕಾಲು ಭಾಗದಷ್ಟು ಸಿಲ್ವರ್ ನೈಟ್ರೇಟ್ ಇರುವ ನೀರಿಗೆ ಹಾಕಬೇಕು. ಹಾಕಿದೊಡನೆ ಇಟ್ಟಿಗೆಯ ಬಣ್ಣದ ಬಗ್ಗಡ ಏಳುತ್ತದೆ. ಆ ನೀರನ್ನು ಚೆಲ್ಲಿ ಹೊಸದರಲ್ಲಿ ಒಂದೆರಡು ದಿನ ಇಡಬೇಕು. ಗಾಲ್ಜಿಯ ಕ್ರಮದಲ್ಲಿ ಇಲ್ಲಿಗೆ ಮುಗಿಯಿತು. ಕಹಾಲ್ ಅಲ್ಲಿಗೆ ನಿಲ್ಲಿಸದೆ ಅದೇ ತುಂಡನ್ನು ಮತ್ತೆ ಮೊದಲಿನ ನೀರಿಗೂ ಮತ್ತೆ ಬೆಳ್ಳಿಯ ನೀರಿಗೂ ಹಾಕಿ ಎರಡು ಸಲ ಉಣಿಸಿದನು. ಹತ್ತರಲ್ಲಿ ಒಂದು ಸಲ ಒಲಿಯುತ್ತಿದ್ದ ಬೆಳ್ಳಿ ಹೆಚ್ಚು ಸಲ ಒಲಿಯತೊಡಗಿತು. ಕೊನೆಗೆ ಸ್ವಲ್ಪ ದಪ್ಪವಾಗಿಯೇ ಕೊಯ್ದು, ಗಾಜಿನ ಮೇಲೆ ರಾಳದಲ್ಲಿ ಕೂರಿಸಿ ನೋಡಬೇಕು. ತೆಳ್ಳಗೆ ಕೊಯ್ದರೆ ಗಿಡದ ಕೊಂಬೆಗಳು ತುಂಡಾಗಿ ಹೋಗುತ್ತವೆ.

ಹೀಗೆ ನೋಡಿ ನೋಡಿ ಕಹಾಲ್ ಕಂಡದ್ದೇನು? ತಂತುಗಳು ಬಲೆಯಾಗಿ ಬೆಸೆದುಕೊಂಡಿರಲಿಲ್ಲ. ಹಕ್ಕಿಯ ಕಿರುಮಿದುಳಿನಲ್ಲಿ ಒಂದು ಬಗೆಯ ಕೋಶದ ತಂತುಗಳು ಬಂದು ಇನ್ನೊಂದು ದೊಡ್ಡ ಕೋಶದ ಒಡಲನ್ನು ಬುಟ್ಟಿಯ ಹಾಗೆ ಸುತ್ತುವರಿದು, ಅಲ್ಲಿಯೇ ಮುಗಿದಿದ್ದವು. ಬಳಿಗೆ ಬಂದಿದ್ದವು, ಒಳಗೆ ಹೊಕ್ಕಿರಲಿಲ್ಲ. ಇದನ್ನು ಅವನು 1888ರ ಮೇ ತಿಂಗಳಲ್ಲಿ ತಾನೇ ಪ್ರಾರಂಭಿಸಿದ ಒಂದು ಪತ್ರಿಕೆಯಲ್ಲಿ ಪ್ರಕಟಿಸಿದನು. ಕೈಯಿಂದ ಹಣ ಹಾಕಿ ಅಚ್ಚುಹಾಕಿಸಿದ್ದು ಅರವತ್ತು ಪ್ರತಿ. ಅದರಲ್ಲಿ ಹೆಚ್ಚಿನವನ್ನು ಹೊರದೇಶಗಳ ವಿದ್ವಾಂಸರಿಗೆ ಅಂಚೆಯಲ್ಲಿ ಕಳುಹಿಸಿದನು. ಸ್ಪ್ಯಾನಿಷ್ ಭಾಷೆಯಲ್ಲಿದ್ದ ಅದನ್ನು ಓದಿದವರು ಕಡಮೆ. ಸರಿ, ಓದದಿದ್ದರೆ ನೋಡಲಿ ಎಂದು 1889ರಲ್ಲಿ, ಉಳಿಸಿದ್ದ ಹಣವನ್ನೆಲ್ಲ ಒಟ್ಟುಗೂಡಿಸಿ, ತನ್ನ ಗಾಜಿನ ಪಟ್ಟಿಗಳನ್ನು ಜೋಪಾನವಾಗಿ ಕಟ್ಟಿಕೊಂಡು ಬರ್ಲಿನ್ ನಗರಕ್ಕೆ ಹೊರಟನು. ಅಲ್ಲಿ ಶರೀರಶಾಸ್ತ್ರಜ್ಞರ ಸಮ್ಮೇಳನ. ಹೆಸರಿಲ್ಲದ ದೇಶದ ಹೆಸರಿಲ್ಲದ ಪ್ರಾಧ್ಯಾಪಕ, ನಾಲಿಗೆ ತೊಡರುವ ಫ್ರೆಂಚಿನಲ್ಲಿ, ಬಂದು ನೋಡಿರೆಂದು ಒಬ್ಬೊಬ್ಬರನ್ನೂ ಕರೆದನು. ನೋಡಿದವರಲ್ಲಿ ಒಬ್ಬ ಕ್ಯೋಲಿಕರ್, ಎಪ್ಪತ್ತು ದಾಟಿದ ಹಿರಿಯ, ಆ ಶಾಸ್ತ್ರದ ಭೀಷ್ಮ. ಆತ ಕಣ್ಣಾರೆ ಕಂಡು, ಊರಿಗೆ ಹೋಗಿ ತಾನೂ ಮಾಡಿ ನೋಡಿ, ಅಷ್ಟು ವರ್ಷ ನಂಬಿದ್ದ ಬಲೆಯ ಮತವನ್ನು ಬಿಟ್ಟುಕೊಟ್ಟನು. ಎಪ್ಪತ್ತು ವರ್ಷದ ಪಂಡಿತನೊಬ್ಬ ತನ್ನ ಮತವನ್ನು ಬಿಡುವುದು ಎಷ್ಟು ದೊಡ್ಡದೆಂಬುದು ನಮ್ಮಂಥ ಪಂಡಿತರಿಗೆ ಗೊತ್ತು! 1891ರಲ್ಲಿ ವಾಲ್ಡೇಯರ್ ಎಂಬ ಜರ್ಮನ್ ವಿದ್ವಾಂಸ ಈ ಬಿಡಿ ನರಕೋಶಕ್ಕೆ 'ನ್ಯೂರಾನ್' ಎಂದು ಹೆಸರಿಟ್ಟನು.

1890ರಲ್ಲಿ ಕಹಾಲ್ ಕೋಳಿಭ್ರೂಣದ ಬೆನ್ನುಹುರಿಯಲ್ಲಿ ಇನ್ನೊಂದು ವಿಶೇಷವನ್ನು ಕಂಡನು. ಇನ್ನೂ ಬೆಳೆಯುತ್ತಿರುವ ತಂತುವಿನ ತುದಿ ಸುಮ್ಮನೆ ಮೊಂಡಾಗಿರಲಿಲ್ಲ. ಉಬ್ಬಿ, ಅಂಚಿನಲ್ಲಿ ಬೆರಳುಗಳಂತೆ ಚಾಚಿಕೊಂಡಿತ್ತು. ಕತ್ತಲ ಕೋಣೆಯಲ್ಲಿ ನಾವು ಕೈ ಚಾಚಿ ಗೋಡೆ ತಡವುತ್ತ ಬಾಗಿಲು ಹುಡುಕುವಂತೆ, ಈ ತುದಿ ತನ್ನ ದಾರಿಯನ್ನು ತಡವುತ್ತ ಮುಂದೆ ಹೋಗುತ್ತದೆಂದು ಅವನು ಊಹಿಸಿದನು. ಅದಕ್ಕೆ ಬೆಳವಣಿಗೆಯ ಶಂಕು ಎಂದು ಹೆಸರು ಕೊಟ್ಟನು. ಅವನು ನೋಡಿದ್ದು ಸತ್ತ, ಗಟ್ಟಿಮಾಡಿದ, ಕಪ್ಪಾಗಿಸಿದ ವಸ್ತು. ಅದರಿಂದ ಜೀವಂತ ಚಲನೆಯನ್ನು ಓದಿದ್ದು ಸಾಹಸದ ಮಾತೇ ಸರಿ. ಹದಿನೇಳು ವರ್ಷ ಕಳೆದ ಮೇಲೆ, 1907ರಲ್ಲಿ, ಅಮೆರಿಕದ ರಾಸ್ ಹ್ಯಾರಿಸನ್ ಕಪ್ಪೆಯ ಭ್ರೂಣದ ಒಂದು ಚೂರನ್ನು ತೊಟ್ಟು ದ್ರವದಲ್ಲಿ ಬದುಕಿಸಿಟ್ಟು, ನರತಂತು ಅದರಿಂದ ಮೊಳೆತು ತುದಿಯನ್ನು ಆಡಿಸುತ್ತ ಉದ್ದವಾಗುವುದನ್ನು ಕಣ್ಣೆದುರಿಗೇ ತೋರಿಸಿದನು.

ಕಹಾಲನಿಗೆ ಛಾಯಾಚಿತ್ರದ ಹವ್ಯಾಸವೂ ಬಹಳ. ಬಣ್ಣದ ಛಾಯಾಚಿತ್ರದ ವಿಷಯವಾಗಿ 1912ರಲ್ಲಿ ಒಂದು ಪುಸ್ತಕವನ್ನೇ ಬರೆದನು. ನಮ್ಮ ಮನೆಗಳ ಗೋಡೆಯ ಮೇಲಿನ ಹಿರಿಯರ ಕಪ್ಪುಬಿಳುಪಿನ ಪಟಗಳು ಮೂಡಿದ್ದು ಬೆಳ್ಳಿಯ ಲವಣಗಳಿಂದಲೇ ತಾನೆ? ಆ ವಿದ್ಯೆಯನ್ನೇ ಅವನು ನರಗಳಿಗೂ ತಂದನು. 1903ರ ಅವನ ಹೊಸ ಕ್ರಮದಲ್ಲಿ ಡೈಕ್ರೋಮೇಟ್ ಇಲ್ಲ. ತುಂಡನ್ನು ಬೆಳ್ಳಿಯ ನೀರಿನಲ್ಲಿ ಕೆಲವು ದಿನ ಬೆಚ್ಚಗಿನ ಪೆಟ್ಟಿಗೆಯಲ್ಲಿಡಬೇಕು; ಶಾಖ ಹೆಚ್ಚು ಕಡಮೆ ಕೋಳಿ ಕಾವು ಕೊಡುವಷ್ಟೇ. ಅನಂತರ ಪೈರೊಗ್ಯಾಲಿಕ್ ಆಮ್ಲ, ಫಾರ್ಮಲಿನ್ ಬೆರೆಸಿದ ನೀರಿನಲ್ಲಿ, ಫೋಟೋ ತೊಳೆಯುವಂತೆಯೇ, ಚಿತ್ರವನ್ನು ಮೂಡಿಸಬೇಕು. ಇದರಲ್ಲಿ ಕೋಶದ ಒಳಗಿನ ಸೂಕ್ಷ್ಮವಾದ ನೂಲುಗಳೇ ಕಂದುಗಪ್ಪಾಗಿ ಕಾಣುತ್ತವೆ. ಗಾಲ್ಜಿಯ ಕ್ರಮ ಕೆಲವನ್ನು ಆರಿಸಿದರೆ ಇದು ಬಹಳಷ್ಟನ್ನು ತೋರಿಸುತ್ತದೆ. ಭ್ರೂಣದಲ್ಲಿ ನರಗಳ ಕಟ್ಟುಗಳು ಎಲ್ಲಿಂದ ಎಲ್ಲಿಗೆ ಹರಡಿವೆ ಎಂಬುದನ್ನು ನೋಡಲು ಬಹಳ ಅನುಕೂಲ.

1906ರಲ್ಲಿ ನೊಬೆಲ್ ಬಹುಮಾನ ಇಬ್ಬರಿಗೂ ಸೇರಿ ಬಂದಿತು. ಸ್ಟಾಕ್‌ಹೋಮ್ ನಗರದ ವೇದಿಕೆಯ ಮೇಲೆ ಗಾಲ್ಜಿ ತನ್ನ ಉಪನ್ಯಾಸದಲ್ಲಿ ನ್ಯೂರಾನ್ ಮತವನ್ನೇ ಖಂಡಿಸಿದನು. ಕಹಾಲ್ ತನ್ನ ಉಪನ್ಯಾಸದಲ್ಲಿ ಅದನ್ನೇ ಸ್ಥಾಪಿಸಿದನು. ಬೆಳ್ಳಿ ಒಂದೇ, ಕಪ್ಪು ಒಂದೇ, ಬಹುಮಾನವೂ ಒಂದೇ. ಕಂಡದ್ದು ಮಾತ್ರ ಎರಡು. ಗಾಲ್ಜಿಯನ್ನು ಹಗುರವಾಗಿ ಕಾಣಬಾರದು. ದೀಪ ಹಚ್ಚಿಕೊಟ್ಟವನು ಅವನು. ಆದರೆ ಬೆಳೆದ ಕಾಡಿನಲ್ಲಿಯೇ ದೀಪ ಹಿಡಿದು ನಿಂತನು. ಕಹಾಲ್ ಅದೇ ದೀಪವನ್ನು ಸಸಿಮಡಿಗೆ ಒಯ್ದನು.

ಈ ಬೆಳ್ಳಿಯ ವಿದ್ಯೆ ಒಬ್ಬ ಹೆಣ್ಣುಮಗಳ ಬಾಳಿನಲ್ಲಿ ಹೇಗೆ ಊರುಗೋಲಾಯಿತೆಂಬುದನ್ನು ಹೇಳದಿದ್ದರೆ ಈ ಭಾಷಣ ಮುಗಿಯದು. ಇಟಲಿಯ ಟ್ಯೂರಿನ್ ನಗರದ ರೀಟಾ ಲೆವಿ ಮೊಂತಾಲ್ಚೀನಿ 1909ರಲ್ಲಿ ಹುಟ್ಟಿದವಳು. ಜುಸೆಪ್ಪೆ ಲೆವಿ ಎಂಬ ಗುರುವಿನಿಂದ ವೈದ್ಯವಿದ್ಯೆಯ ಜೊತೆಗೆ ಈ ಬೆಳ್ಳಿಯ ಕ್ರಮವನ್ನೂ ಕಲಿತಳು. 1938ರಲ್ಲಿ ಮುಸೊಲಿನಿಯ ಸರ್ಕಾರ ಯೆಹೂದ್ಯರ ವಿರುದ್ಧ ಕಾನೂನು ತಂದಾಗ ಗುರುವಿಗೂ ಶಿಷ್ಯೆಗೂ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿತು. ಆಕೆ ತನ್ನ ಮಲಗುವ ಕೋಣೆಯನ್ನೇ ಪ್ರಯೋಗಶಾಲೆ ಮಾಡಿಕೊಂಡಳು. ಹೊಲಿಗೆಯ ಸೂಜಿಗಳನ್ನು ಮಸೆದು ಶಸ್ತ್ರ ಮಾಡಿಕೊಂಡಳು. ಬಾಂಬು ಬೀಳತೊಡಗಿದಾಗ ಮನೆಯವರೊಡನೆ ಹಳ್ಳಿಗಾಡಿಗೆ ಹೋಗಿ ಅಲ್ಲಿಯೂ ಕೆಲಸ ಮುಂದುವರಿಸಿದಳು. ಬೇಕಾದದ್ದು ಏನು? ಮೊಟ್ಟೆ, ಕಾವಿನ ಪೆಟ್ಟಿಗೆ, ಸೂಕ್ಷ್ಮದರ್ಶಕ, ಒಂದಿಷ್ಟು ಬೆಳ್ಳಿಯ ಲವಣ. ರೈತರ ಮನೆಗಳಿಗೆ ಹೋಗಿ ಮಕ್ಕಳಿಗೆಂದು ಹೇಳಿ ಒಳ್ಳೆಯ ಮೊಟ್ಟೆ ಕೇಳಿ ತರುತ್ತಿದ್ದಳು. ಯುದ್ಧಕಾಲದ ಕೊರತೆಯಲ್ಲಿ, ಭ್ರೂಣ ತೆಗೆದ ಮೇಲೆ ಉಳಿದದ್ದು ಮನೆಯವರ ಊಟಕ್ಕೆ. ಗುಟ್ಟು ತಿಳಿದ ಮೇಲೆ ಅಣ್ಣನಿಗೆ ಅದರ ರುಚಿ ಕೆಟ್ಟಿತಂತೆ.

ಮೂರು ದಿನದ ಭ್ರೂಣದಲ್ಲಿ ರೆಕ್ಕೆಯೋ ಕಾಲೋ ಆಗಬೇಕಾದ ಮೊಗ್ಗನ್ನು ಆಕೆ ಸೂಜಿಯಿಂದ ತೆಗೆದುಬಿಡುತ್ತಿದ್ದಳು. ಆ ಕಡೆಗೆ ಹೋಗಬೇಕಾದ ನರಗಳ ಗತಿಯೇನು ಎಂಬುದು ಪ್ರಶ್ನೆ. ಅಂಥ ನರಕೋಶಗಳು ಸರಿಯಾಗಿ ರೂಪುಗೊಳ್ಳುವುದೇ ಇಲ್ಲವೆಂದು ವಿಕ್ಟರ್ ಹ್ಯಾಂಬರ್ಗರ್ ಎಂಬ ವಿಜ್ಞಾನಿ 1934ರಲ್ಲಿ ಹೇಳಿದ್ದನು. ದಿನದಿನದ ಭ್ರೂಣವನ್ನು ಬೆಳ್ಳಿಯಲ್ಲಿ ಅದ್ದಿ ಸಾಲಾಗಿ ನೋಡಿದ ರೀಟಾ ಕಂಡದ್ದು ಬೇರೆ. ಕೋಶಗಳು ಹುಟ್ಟಿದವು, ತಂತುಗಳನ್ನು ಚಾಚಿದವು, ತಲುಪಬೇಕಾದ ಅಂಗ ಇಲ್ಲದ್ದರಿಂದ ಅನಂತರ ಸತ್ತವು. ಹಾಗಾದರೆ ಆ ಅಂಗ ನರಕ್ಕೆ ಬದುಕಲು ಏನನ್ನೋ ಉಣಿಸುತ್ತಿರಬೇಕಲ್ಲವೆ? ಯುದ್ಧ ಮುಗಿದ ಮೇಲೆ, 1947ರಲ್ಲಿ, ಅದೇ ಹ್ಯಾಂಬರ್ಗರ್ ಆಕೆಯನ್ನು ಅಮೆರಿಕಕ್ಕೆ ಕರೆಸಿಕೊಂಡನು. ಅಲ್ಲಿ ನಡೆದ ಶೋಧನೆಯಿಂದ ನರಗಳನ್ನು ಬೆಳೆಸುವ ಒಂದು ಸಸಾರಜನಕ ವಸ್ತು ಪತ್ತೆಯಾಯಿತು. 1986ರಲ್ಲಿ ಆಕೆಗೂ ಸ್ಟ್ಯಾನ್ಲಿ ಕೋಹೆನ್ ಎಂಬ ರಸಾಯನಶಾಸ್ತ್ರಜ್ಞನಿಗೂ ನೊಬೆಲ್ ಬಹುಮಾನ ಬಂದಿತು. ನೂರಮೂರು ವರ್ಷ ಬಾಳಿ ಆಕೆ 2012ರಲ್ಲಿ ತೀರಿಕೊಂಡಳು.

ಗಡಿಯ ಪ್ರಶ್ನೆಗೆ ಕಡೆಯ ಸಾಕ್ಷಿ ದೊರೆತದ್ದು 1950ರ ದಶಕದಲ್ಲಿ. ಬೆಳಕಿನ ಬದಲು ಎಲೆಕ್ಟ್ರಾನುಗಳಿಂದ ನೋಡುವ ಸೂಕ್ಷ್ಮದರ್ಶಕ ಎರಡು ನರಕೋಶಗಳ ನಡುವಿನ ಸಂದನ್ನು ತೋರಿಸಿತು. ಅದರ ಅಗಲ ಮಿಲಿಮೀಟರಿನ ಲಕ್ಷದಲ್ಲಿ ಸುಮಾರು ಎರಡು ಭಾಗ. ಕೆಲವು ಕಡೆ ನರಕೋಶಗಳ ನಡುವೆ ನೇರವಾದ ಸಣ್ಣ ಕಿಂಡಿಗಳೂ ಇವೆಯೆಂದು ಆಮೇಲೆ ತಿಳಿದುಬಂದಿದೆ. ಆದ್ದರಿಂದ ಗಾಲ್ಜಿಯ ಮಾತನ್ನು ಪೂರ್ತಿ ಕಸದಬುಟ್ಟಿಗೆ ಹಾಕುವಂತಿಲ್ಲ. ಆದರೂ ಸಾಮಾನ್ಯ ನಿಯಮ ಕಹಾಲ್ ಹೇಳಿದ್ದೇ. ಈಗ ಭ್ರೂಣದ ನರಗಳನ್ನು ನೋಡಲು ಹೊಳೆಯುವ ಬಣ್ಣಗಳು ಬಂದಿವೆ. ಬದುಕಿರುವ ಭ್ರೂಣದಲ್ಲಿಯೇ ನರ ಬೆಳೆಯುವುದನ್ನು ನೋಡಬಹುದು. ಆದರೂ ಇಡಿಯ ಕೋಶದ ಕೊಂಬೆರೆಂಬೆಗಳನ್ನು ಕಾಣಬೇಕಾದಾಗ ಗಾಲ್ಜಿಯ ಬೆಳ್ಳಿಯನ್ನು ಇಂದೂ ಬಳಸುವವರಿದ್ದಾರೆ, ನನ್ನ ಶಿಷ್ಯನಂತೆ.

ಅಂದು ಅವನು ಗಾಜಿನ ಪಟ್ಟಿಯನ್ನು ಸ್ವಲ್ಪ ಸರಿಸಿ, "ಇಲ್ಲಿ ನೋಡಿ ಮೇಷ್ಟ್ರೇ, ಈ ತಂತುವಿನ ತುದಿ ಆ ಕೋಶದ ಹತ್ತಿರ ಬಂದಿದೆ. ಸೇರಿದೆಯೆ?" ಎಂದು ಕೇಳಿದ. ನನಗೆ ತಿಳಿಯಲಿಲ್ಲ, ಸೇರಿದಂತೆಯೂ ಕಂಡಿತು, ಸೇರದಂತೆಯೂ ಕಂಡಿತು. ಅವನು ನಕ್ಕು, "ಲೋಪವೂ ಇಲ್ಲ, ಆಗಮವೂ ಇಲ್ಲ, ಆದೇಶವೂ ಇಲ್ಲ. ಇದು ಪ್ರಕೃತಿಭಾವ, ಮೇಷ್ಟ್ರೇ" ಎಂದ.

ಮರೆತಿರುವವರಿಗೆ ನೆನಪು ಮಾಡುತ್ತೇನೆ. 'ಅಯ್ಯೋ ಇದೇನು' ಎನ್ನುವಾಗ ಎರಡು ಸ್ವರಗಳು ಎದುರುಬದುರಾಗಿ ಬರುತ್ತವೆ; ಆದರೂ ಸಂಧಿಯಾಗುವುದಿಲ್ಲ. ಎರಡು ಪದಗಳೂ ಇದ್ದ ಹಾಗೆಯೇ ಉಳಿದು, ಅರ್ಥ ಮಾತ್ರ ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ. ಅದಕ್ಕೆ ಪ್ರಕೃತಿಭಾವವೆಂದು ಹೆಸರು. ನಾನು ಹತ್ತು ಸಲ ಬರೆಸಿದ ನಿಯಮಗಳಲ್ಲಿ ಅದೂ ಒಂದು.

ಆಮೇಲೆ ಅವನು ಮೇಜಿನ ಖಾನೆಯಿಂದ ತಾನೇ ಬರೆದ ಚಿತ್ರಗಳನ್ನು ತೆಗೆದು ತೋರಿಸಿದ. ಗಾಜಿನ ಮೇಲೆ ಕಂಡ ಒಂದೊಂದು ಕೋಶವೂ ಕಾಗದದ ಮೇಲೆ ಇಂಡಿಯನ್ ಇಂಕಿನಲ್ಲಿ ಕೂದಲೆಳೆ ತಪ್ಪದಂತೆ ಮೂಡಿತ್ತು. ಕ್ಯಾಮೆರಾ ಇರುವಾಗ ಕೈಯಿಂದ ಏಕೆ ಬರೆಯಬೇಕಪ್ಪಾ ಎಂದು ಕೇಳಿದೆ. ಬರೆಯುವಾಗಲೇ ಸರಿಯಾಗಿ ಕಾಣುತ್ತದೆ ಮೇಷ್ಟ್ರೇ ಎಂದ. ದಾಸವಾಳದ ಹಾಳೆಯ ಮಾತನ್ನು ನಾನೇ ಎತ್ತಿ, ಅಂದು ಹರಿದದ್ದು ತಪ್ಪಾಯಿತು ಎಂದೆ. ಅವನಿಗೆ ಅದು ನೆನಪೇ ಇಲ್ಲವಂತೆ. ಇರಬಹುದು, ಅಥವಾ ದೊಡ್ಡತನದಿಂದ ಹಾಗೆ ಹೇಳಿರಬಹುದು.

ಶ್ರೋತೃಗಳೆ, ಕಹಾಲನ ತಂದೆ ಮಗನ ಕೈಯನ್ನು ತಡೆದನು; ಕೊನೆಗೆ ಅದೇ ಕೈಗೆ ಒಂದು ಎಲುಬನ್ನು ಕೊಟ್ಟು ದಾರಿ ಮಾಡಿದನು. ನಾನು ಹರಿದುಹಾಕಿದೆನೇ ಹೊರತು ಬದಲಿಗೆ ಏನನ್ನೂ ಕೊಡಲಿಲ್ಲ. ನಿಮ್ಮ ಮನೆಯಲ್ಲಿಯೂ ಪಾಠದ ಪುಸ್ತಕದ ಅಂಚಿನಲ್ಲಿ ಹೂವನ್ನೋ ಹುಳುವನ್ನೋ ಬರೆಯುವ ಮಗು ಇದ್ದೀತು. ಆ ಹಾಳೆಯ ಮೇಲೆ ಕೈಯಿಡುವ ಮೊದಲು ಒಂದು ಗಳಿಗೆ ಅದನ್ನು ನೋಡಿ.